ನೋ ಪಾರ್ಕಿಂಗ್ ಬೋರ್ಡಿನ ಹಿಂದಿರುವ ಕಾಗದ

ಮನೆ ಮುಂದಿನ ಪಾರ್ಕಿಂಗ್ ಜಗಳ, ಶಾಲೆ ಎದುರು ಗಾಡಿಗಳ ವೇಗ, ಒನ್‌ವೇ ಬೇಕು ಅಥವಾ ಬೇಡ ಅನ್ನುವ ಗಲಾಟೆ, ಇವಕ್ಕೆಲ್ಲ ನಮ್ಮೂರುಗಳಲ್ಲಿ ಜನ ಮೊದಲು ಹೋಗುವುದು ಕಾರ್ಪೊರೇಟರ್ ಮನೆಗೆ. ‘ಮಾಡಿಸ್ತೀನಿ ಬಿಡಿ’ ಅನ್ನುವ ಭರವಸೆ ಸಿಗುತ್ತದೆ. ಸ್ವಲ್ಪ ದಿನಕ್ಕೆ ಒಂದು ಬೋರ್ಡೂ ಬರುತ್ತದೆ. ಆಮೇಲೆ ಆ ಬೋರ್ಡಿನ ಕಂಬಕ್ಕೆ ಒರಗಿಯೇ ನಾಲ್ಕು ಸ್ಕೂಟರ್ ನಿಲ್ಲುತ್ತವೆ.

ಇದರಲ್ಲಿ ಜನರ ಅಶಿಸ್ತು ಎಷ್ಟಿದೆಯೋ, ತಪ್ಪು ಬಾಗಿಲು ತಟ್ಟಿದ್ದರ ಪಾಲೂ ಅಷ್ಟೇ ಇದೆ. ರಸ್ತೆ ಪಾಲಿಕೆಯದು, ಆದರೆ ಅದರ ಮೇಲಿನ ಓಡಾಟಕ್ಕೆ ಕಾನೂನು ಬರೆಯುವ ಅಧಿಕಾರ ಪಾಲಿಕೆಯದಲ್ಲ. 1988ರ ಮೋಟಾರು ವಾಹನ ಕಾಯ್ದೆ ಆ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಮತ್ತು ಅದು ನೇಮಿಸಿದವರಿಗೆ ಕೊಟ್ಟಿದೆ. ವೇಗದ ಮಿತಿಗೆ ಕಲಂ 112, ಒನ್‌ವೇ ಮತ್ತು ಲಾರಿ ನಿಷೇಧಕ್ಕೆ 115, ಬೋರ್ಡು ನೆಡುವುದಕ್ಕೆ 116, ಗಾಡಿ ನಿಲ್ಲಿಸುವ ಜಾಗಕ್ಕೆ 117. ಪಾಲಿಕೆಯ ಮಾತು ಬರುವುದು 117ರಲ್ಲಿ, ಅದೂ ‘ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ’ ಅನ್ನುವಷ್ಟರ ಮಟ್ಟಿಗೆ. ಕರ್ನಾಟಕದಲ್ಲಿ ಈ ಆದೇಶಗಳು 1989ರ ಮೋಟಾರು ವಾಹನ ನಿಯಮಗಳ 221(ಎ) ಅಡಿಯಲ್ಲಿ ಹೊರಡುತ್ತವೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಂಥ ಕಮಿಷನರೇಟ್ ಊರುಗಳಲ್ಲಿ ಸಹಿ ಪೊಲೀಸ್ ಆಯುಕ್ತರದು. ಶಿವಮೊಗ್ಗ, ದಾವಣಗೆರೆಯಂಥ ಕಡೆ ಎಸ್‌ಪಿ ಪ್ರಸ್ತಾವ ಕಳಿಸುತ್ತಾರೆ, ಜಿಲ್ಲಾಧಿಕಾರಿ ಆದೇಶ ಹೊರಡಿಸುತ್ತಾರೆ. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರ್‌ನಿಂದ ಚುನಾಯಿತ ಕೌನ್ಸಿಲ್ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದು ಬಂದವು. ಸಂಚಾರ ಅಧಿಸೂಚನೆಗೆ ಸಹಿ ಬೀಳುವ ಮೇಜು ಮಾತ್ರ ಅದೇ.

ಹಾಗಾದರೆ ಪಾಲಿಕೆಯ ಕೈಯಲ್ಲಿ ಏನೂ ಇಲ್ಲವೇ? ಇದೆ, ನನ್ನ ಪ್ರಕಾರ ಹೆಚ್ಚು ಪರಿಣಾಮಕಾರಿಯಾದದ್ದೇ ಇದೆ. ರಸ್ತೆಯ ಅಗಲ, ಫುಟ್‌ಪಾತ್, ಕರ್ಬ್ ಕಲ್ಲು, ಹಂಪು, ಬಿಳಿ-ಹಳದಿ ಗೆರೆ, ಪಾರ್ಕಿಂಗ್ ಜಾಗದ ಗುತ್ತಿಗೆ ಇವೆಲ್ಲ ಅವರದು. ಬೆಂಗಳೂರು ಬಿಟ್ಟು ಉಳಿದ ಪಾಲಿಕೆಗಳಲ್ಲಿ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ ಕಲಂ 288ಡಿ ಪ್ರಕಾರ ರಸ್ತೆಗೆ ಚಾಚಿಕೊಂಡ ಅಡ್ಡಿಯನ್ನು ನೋಟಿಸ್ ಕೊಡದೆಯೇ ತೆಗೆಸುವ ಅಧಿಕಾರ ಪಾಲಿಕೆ ಆಯುಕ್ತರಿಗಿದೆ. ಗೇಟಿನ ಮುಂದೆ ಜನ ಇಡುವ ಹೂಕುಂಡ, ಸಿಮೆಂಟ್ ತುಂಬಿದ ಬಣ್ಣದ ಡಬ್ಬ, ಸರಪಳಿ, ‘ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಅನ್ನುವ ತಗಡು ಎಲ್ಲ ಈ ಲೆಕ್ಕಕ್ಕೇ ಸೇರುತ್ತವೆ. ಗೇಟಿಗೆ ಅಡ್ಡ ಗಾಡಿ ನಿಲ್ಲಿಸುವುದು ಬೋರ್ಡು ಇಲ್ಲದಿದ್ದರೂ ತಪ್ಪೇ. ಗೇಟಿನ ಪಕ್ಕದ ಕಾಂಪೌಂಡಿನ ಉದ್ದಕ್ಕೂ ಅಧಿಕಾರ ಸಾಧಿಸುವುದೂ ತಪ್ಪೇ.

ಕಾಗದದ ವಿಷಯಕ್ಕೆ ಬರೋಣ. ವೇಗದ ಮಿತಿ ಊರ್ಜಿತವಾಗಬೇಕಾದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಆಗಬೇಕು, ರಸ್ತೆಯಲ್ಲಿ ಫಲಕವೂ ನಿಲ್ಲಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಕೇಸು ಸಡಿಲ. ವಿನಾಯಿತಿ ಒಂದೇ: ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಅಧಿಸೂಚನೆ ಬೇಕಿಲ್ಲ. ‘ಪ್ರಾಯೋಗಿಕವಾಗಿ ಏಕಮುಖ ಸಂಚಾರ’ ಅನ್ನುವ ಬ್ಯಾನರುಗಳಿಗೆ ಆಧಾರ ಇದೇ. ಎಡವಟ್ಟು ಆಗುವುದೂ ಇಲ್ಲೇ. ತಿಂಗಳು ಕಳೆಯುತ್ತದೆ, ಪ್ರಯೋಗ ಚೆನ್ನಾಗಿತ್ತೋ ಇಲ್ಲವೋ ಯಾರೂ ಅಳೆಯುವುದಿಲ್ಲ, ಕಾಯಂ ಆದೇಶವೂ ಆಗುವುದಿಲ್ಲ. ಬ್ಯಾನರ್ ಮಾತ್ರ ಬಿಸಿಲಿಗೆ ಬಿಳಿಚಿಕೊಂಡು ವರ್ಷಗಟ್ಟಲೆ ನೇತಾಡುತ್ತದೆ.

ಮನವಿ ಬರೆಯುವವರು ಠಾಣೆಯ ಇನ್ಸ್‌ಪೆಕ್ಟರ್‌ಗೆ ಸುಮ್ಮನೆ ‘ತುಂಬಾ ತೊಂದರೆ, ಕ್ರಮ ಕೈಗೊಳ್ಳಿ’ ಅಂತ ಬರೆಯಬಾರದು. ಅಧಿಸೂಚನೆಯಲ್ಲಿ ಏನೇನು ಇರಬೇಕೋ ಅದನ್ನೇ ಬರೆದು ಕೊಡಬೇಕು: ಎಲ್ಲಿಂದ ಎಲ್ಲಿಗೆ, ಯಾವ ಬದಿ, ಯಾವ ವಾಹನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ. ‘ಎಡಬದಿ’ ಅಂತ ಬರೆದರೆ ಯಾವ ಕಡೆಯಿಂದ ನೋಡಿದಾಗ ಎಡ ಅನ್ನುವ ತಕರಾರು ಏಳುತ್ತದೆ, ಆದ್ದರಿಂದ ‘ಪೂರ್ವ ಬದಿ’ ಅನ್ನಿ. ‘ಬೇಕರಿಯಿಂದ ಔಷಧಿ ಅಂಗಡಿವರೆಗೆ’ ಬೇಡ, ಬೇಕರಿ ಮುಂದಿನ ವರ್ಷ ಮೊಬೈಲ್ ಅಂಗಡಿ ಆಗಿರುತ್ತದೆ. ಅಡ್ಡರಸ್ತೆಯ ಸಂಖ್ಯೆ ಹಾಕಿ. ಮನವಿಯ ಒಂದು ಪ್ರತಿ ಪಾಲಿಕೆಯ ವಾರ್ಡ್ ಎಂಜಿನಿಯರಿಗೂ ಹೋಗಲಿ, ಯಾಕೆಂದರೆ ಗೆರೆ ಎಳೆಯುವವರು ಅವರು.

ಇನ್ನು ಅಳತೆ. ಬೆಂಗಳೂರಿನ ಬಡಾವಣೆಗಳ ಮಾಮೂಲು 30 ಅಡಿ ರಸ್ತೆ ಅಂದರೆ 9.1 ಮೀಟರ್. ಎರಡೂ ಕಡೆ ಚರಂಡಿ, ಮನೆಗಳ ರ‍್ಯಾಂಪು, ಗಿಡದ ಕಟ್ಟೆ ಕಳೆದರೆ ಡಾಂಬರು ಉಳಿಯುವುದು ಸುಮಾರು 6 ಮೀಟರ್. ನಿಂತ ಕಾರಿಗೆ ಕನ್ನಡಿ ಸೇರಿ 2 ಮೀಟರ್ ಬೇಕು. ಎರಡೂ ಬದಿ ನಿಲ್ಲಿಸಿದರೆ ನಡುವೆ 2 ಮೀಟರ್ ಉಳಿಯಿತು. ಬಸ್ಸು, ಲಾರಿ, ಅಗ್ನಿಶಾಮಕ ವಾಹನದಂಥ ದೊಡ್ಡ ಗಾಡಿ 2.6 ಮೀಟರ್‌ವರೆಗೂ ಅಗಲ ಇರಬಹುದು. ಅಲ್ಲಿಗೆ ಮುಗಿಯಿತು. ಇಂಥ ರಸ್ತೆಯಲ್ಲಿ ಒಂದೇ ಬದಿ ಪಾರ್ಕಿಂಗ್ ಅನ್ನುವುದು ಚರ್ಚೆಯ ವಿಷಯವೇ ಅಲ್ಲ.

ಆ ಒಂದು ಬದಿಯಲ್ಲಿ ಎಷ್ಟು ಕಾರು ಹಿಡಿಸುತ್ತವೆ? ಪಠ್ಯಪುಸ್ತಕದ ಲೆಕ್ಕದಲ್ಲಿ ರಸ್ತೆಗೆ ಸಮಾನಾಂತರವಾಗಿ ನಿಲ್ಲುವ ಕಾರಿಗೆ 5.9 ಮೀಟರ್ ಉದ್ದ, ಹಾಗಾಗಿ 100 ಮೀಟರ್‌ಗೆ 16 ಕಾರು. ನಿಜವಾದ ಬೀದಿಯಲ್ಲಿ 30×40 ಸೈಟಿನ ಮುಂಭಾಗ 9.1 ಮೀಟರ್. ಗೇಟಿಗೆ 3 ಮೀಟರ್ ಬಿಟ್ಟರೆ 6.1 ಉಳಿಯಿತು, ಅಂದರೆ ಮನೆಗೊಂದೇ ಕಾರು. 100 ಮೀಟರ್‌ನಲ್ಲಿ ಒಂದು ಸಾಲಿಗೆ ಹತ್ತು ಹನ್ನೊಂದು ಮನೆ. ಎರಡೂ ತುದಿಯ ತಿರುವಿನಲ್ಲಿ ನೋಟಕ್ಕೆ ಜಾಗ ಬಿಟ್ಟರೆ ಒಂಬತ್ತು ಕಾರು. ಎರಡು ಸಾಲಿನ 22 ಮನೆ, ಮಹಡಿ ಮೇಲೆ ಬಾಡಿಗೆಯವರು ಬೇರೆ, ಎಲ್ಲರಿಗೂ ಸೇರಿ ಜಾಗ ಒಂಬತ್ತು. ಜಗಳ ಯಾಕೆ ನಿಲ್ಲುವುದಿಲ್ಲ ಅನ್ನುವುದಕ್ಕೆ ಬೇರೆ ಸಂಶೋಧನೆ ಬೇಕಿಲ್ಲ.

ಓರೆಯಾಗಿ ನಿಲ್ಲಿಸಿದರೆ ಹೆಚ್ಚು ಹಿಡಿಸುತ್ತದಲ್ಲ ಅನ್ನುವ ಸಲಹೆ ಸಭೆಗಳಲ್ಲಿ ಬಂದೇ ಬರುತ್ತದೆ. ಹಿಡಿಸುತ್ತದೆ, ನಿಜ. 5 ಮೀಟರ್ ಉದ್ದ, 2.5 ಮೀಟರ್ ಅಗಲದ ಜಾಗವನ್ನು 45 ಡಿಗ್ರಿಗೆ ಓರೆ ಮಾಡಿದರೆ 100 ಮೀಟರ್‌ಗೆ 27 ಕಾರು, 60 ಡಿಗ್ರಿಗೆ 33, ನೇರ ಅಡ್ಡಡ್ಡ ನಿಲ್ಲಿಸಿದರೆ 40. ಆದರೆ ರಸ್ತೆಯ ಅಗಲದಲ್ಲಿ 45 ಡಿಗ್ರಿ 5.3 ಮೀಟರ್ ನುಂಗುತ್ತದೆ, 60 ಡಿಗ್ರಿ 5.6. ಅಡ್ಡಡ್ಡ ನಿಂತ ಕಾರು 5 ಮೀಟರ್ ತಿನ್ನುತ್ತದೆ, ಹಿಂದೆ ತೆಗೆಯಲು ಮತ್ತೆ 6 ಮೀಟರ್ ಬಯಲು ಕೇಳುತ್ತದೆ. 6 ಮೀಟರ್ ಡಾಂಬರಿನ ಬೀದಿಯಲ್ಲಿ ಇದು ಕಾಗದದ ಮೇಲಿನ ಸಾಹಸ. ಅಗಲದ ಅಂಗಡಿ ಬೀದಿಗಳಲ್ಲೂ ಓರೆ ನಿಲುಗಡೆಯ ದೊಡ್ಡ ತೊಂದರೆ, ಹಿಮ್ಮುಖವಾಗಿ ಹೊರಬರುವ ಚಾಲಕನಿಗೆ ಬರುತ್ತಿರುವ ಬೈಕು ಕಾಣದಿರುವುದು.

ಯಾವ ಬದಿ ಅನ್ನುವುದಕ್ಕೆ ನೆರೆಹೊರೆಯವರು ಒಪ್ಪದಿದ್ದಾಗ ಬರುವುದು ಸಮ ದಿನ, ಬೆಸ ದಿನದ ಪದ್ಧತಿ. ಕೇಳಲು ನ್ಯಾಯವಾಗಿದೆ. ದಿನಾಂಕ ಬದಲಾಗುವುದು ಮಧ್ಯರಾತ್ರಿ, ಆಗ ಯಾರೂ ಎದ್ದು ಕಾರು ಬದಲಿಸುವುದಿಲ್ಲ. ಬೆಳಿಗ್ಗೆ ಏಳಕ್ಕೋ ಎಂಟಕ್ಕೋ ಬದಲಾವಣೆ ಅಂತ ಆದೇಶದಲ್ಲೇ ಇರಬೇಕು. ಇನ್ನೊಂದು ಸಣ್ಣ ಕೊಕ್ಕೆ: 31 ಆದ ಮೇಲೆ 1, ಎರಡೂ ಬೆಸ. ಒಂದೇ ಬದಿಯವರಿಗೆ ಎರಡು ದಿನ ಸತತವಾಗಿ ಬೀಳುತ್ತದೆ. ವಸತಿ ಬೀದಿಗೆ 1ರಿಂದ 15 ಒಂದು ಬದಿ, 16ರಿಂದ ತಿಂಗಳ ಕೊನೆವರೆಗೆ ಇನ್ನೊಂದು ಬದಿ ಅನ್ನುವುದು ಬದುಕಲು ಸುಲಭ.

ಅಂಗಡಿ ಬೀದಿಯ ರೋಗ ಬೇರೆ. ಬೆಳಿಗ್ಗೆ ಹತ್ತರೊಳಗೆ ಅಂಗಡಿ ಮಾಲೀಕರ, ಕೆಲಸದವರ ಗಾಡಿಗಳೇ ಜಾಗ ಹಿಡಿದಿರುತ್ತವೆ. ಆಮೇಲೆ ‘ಪಾರ್ಕಿಂಗ್ ಇಲ್ಲ, ಗಿರಾಕಿ ಬರಲ್ಲ’ ಅನ್ನುವವರೂ ಅವರೇ! ಅರ್ಧ ಗಂಟೆಗೊಮ್ಮೆ ಬೀದಿಯ ಉದ್ದಕ್ಕೆ ನಡೆದು ನಿಂತ ಗಾಡಿಗಳ ನಂಬರಿನ ಕೊನೆಯ ನಾಲ್ಕಂಕಿ ಬರೆದುಕೊಂಡರೆ ಒಂದೇ ದಿನದಲ್ಲಿ ಚಿತ್ರ ಸಿಗುತ್ತದೆ. ಹತ್ತು ಜಾಗದಲ್ಲಿ ದಿನವಿಡೀ ಹತ್ತೇ ಕಾರು ನಿಂತರೆ ಉಪಯೋಗ ಹತ್ತು ಜನಕ್ಕೆ. ಅದೇ ಹತ್ತು ಜಾಗಕ್ಕೆ ಒಂದು ಗಂಟೆಯ ಮಿತಿ ಹಾಕಿ, ಹತ್ತು ಗಂಟೆಯಲ್ಲಿ ನೂರಕ್ಕೆ 85 ಪಾಲು ತುಂಬಿದರೂ 85 ಗಾಡಿ ಬಂದುಹೋಗುತ್ತವೆ. 85 ಅನ್ನುವುದಕ್ಕೆ ಕಾರಣವಿದೆ: ಅದಕ್ಕಿಂತ ಹೆಚ್ಚು ತುಂಬಿದರೆ ಜಾಗ ಹುಡುಕುತ್ತ ಸುತ್ತುವ ಗಾಡಿಗಳೇ ಟ್ರಾಫಿಕ್ ಆಗಿಬಿಡುತ್ತವೆ. ಶುಲ್ಕದ ಕೆಲಸವೂ ಇಷ್ಟೇ, ಬೊಕ್ಕಸ ತುಂಬಿಸುವುದಲ್ಲ. ಬೆಂಗಳೂರಿಗೆಂದು ನಗರ ಭೂಸಾರಿಗೆ ನಿರ್ದೇಶನಾಲಯ ಮಾಡಿದ ಪಾರ್ಕಿಂಗ್ ನೀತಿ 2.0 ಪ್ರದೇಶವಾರು ಯೋಜನೆ, ವಸತಿ ಬೀದಿಗೆ ವಾರ್ಷಿಕ ಪರ್ಮಿಟ್ ಎಲ್ಲವನ್ನೂ ಹೇಳಿತು. ಬೀದಿಯಲ್ಲಿ ನಿಂತ ಕಾರಿನವರಿಗೆ ಅದರ ಬಿಸಿ ಇನ್ನೂ ತಟ್ಟಿಲ್ಲ.

ಟೋಯಿಂಗ್ ಬಗ್ಗೆ ಎರಡೇ ಮಾತು. ಮೋಟಾರು ವಾಹನ ಕಾಯ್ದೆಯ ಕಲಂ 127 ಪ್ರಕಾರ ನಿಷೇಧಿತ ಜಾಗದಲ್ಲಿ ನಿಂತ ಅಥವಾ 10 ಗಂಟೆಗೂ ಹೆಚ್ಚು ವಾರಸುದಾರರಿಲ್ಲದೆ ಬಿಟ್ಟ ಗಾಡಿಯನ್ನು ಎಳೆಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಅನುಮತಿ ಬೇಕು. ಗಾಡಿ ಎಳೆಯುವ ಹುಡುಗರು ತಾವೇ ತೀರ್ಮಾನಿಸುವಂತಿಲ್ಲ.

ವೇಗಕ್ಕೆ ಬಂದರೆ, ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೊಂದಿದೆ. 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆ ಪುರಸಭೆ, ಪಾಲಿಕೆ ವ್ಯಾಪ್ತಿಯ ರಸ್ತೆಗಳಲ್ಲಿ ಕಾರಿಗೆ ಗಂಟೆಗೆ 70, ಬೈಕಿಗೆ 60, ಆಟೋಗೆ 50 ಕಿಲೋಮೀಟರ್ ಮೇಲ್ಮಿತಿ ಇಟ್ಟಿದೆ. ಸ್ಥಳೀಯವಾಗಿ ಯಾರೂ ಇಳಿಸದಿದ್ದರೆ ನಿಮ್ಮ ಬೀದಿಗೂ ಅದೇ ಅಂಕಿ. ಇಳಿಸುವ ಅಧಿಕಾರ ರಾಜ್ಯಕ್ಕಿದೆ, ಕೇಳಬೇಕು ಅಷ್ಟೆ.

ಕೇಳುವ ಮೊದಲು ಅಳೆಯಿರಿ. ರಸ್ತೆಯಲ್ಲಿ 30 ಮೀಟರ್ ಟೇಪು ಹಿಡಿದು ಎರಡು ಸೀಮೆಸುಣ್ಣದ ಗೆರೆ ಹಾಕಿ. ಗಾಡಿಯ ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಎರಡನೆಯದರಲ್ಲಿ ನಿಲ್ಲಿಸಿ. 3.6 ಸೆಕೆಂಡಾದರೆ ಗಂಟೆಗೆ 30 ಕಿಲೋಮೀಟರ್, 2.7 ಆದರೆ 40, 2.16 ಆದರೆ 50, 1.8 ಆದರೆ 60. ಒಬ್ಬರೇ ನಿಂತು ಓರೆಗಣ್ಣಲ್ಲಿ ಎರಡನೆಯ ಗೆರೆ ನೋಡಿದರೆ ಲೆಕ್ಕ ತಪ್ಪುತ್ತದೆ, ಆ ಗೆರೆಯ ಹತ್ತಿರ ಇನ್ನೊಬ್ಬರು ಕೈ ಎತ್ತಬೇಕು. ಮುಂದೆ ಅಡ್ಡಿಯಿಲ್ಲದೆ ಓಡುವ ನೂರು ಗಾಡಿ ಬರೆದು ವೇಗದ ಏರಿಕೆ ಕ್ರಮದಲ್ಲಿ ಜೋಡಿಸಿ, 85ನೆಯದರ ವೇಗ ನೋಡಿ. ಎಂಜಿನಿಯರುಗಳು ಕೇಳುವ ಅಂಕಿ ಅದು. ಅದು 33 ಇದ್ದರೆ 30ರ ಬೋರ್ಡು ಸಾಕು. 48 ಇದ್ದರೆ ಬೋರ್ಡನ್ನು ಯಾರೂ ಓದುವುದಿಲ್ಲ, ರಸ್ತೆಯನ್ನೇ ಬದಲಿಸಬೇಕು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಲೆಕ್ಕದಲ್ಲಿ 30ರ ವೇಗದ ಗಾಡಿ ಅಡ್ಡಿ ಕಂಡು ನಿಲ್ಲಲು 30 ಮೀಟರ್ ಬೇಕು, 50ಕ್ಕೆ 60 ಮೀಟರ್. ಚೆಂಡಿನ ಹಿಂದೆ ಓಡಿಬರುವ ಮಗು ಅಷ್ಟು ದೂರದಿಂದ ಕಾಣಬೇಕು.

ಬದಲಿಸುವುದು ಅಂದಕೂಡಲೇ ನಮ್ಮಲ್ಲಿ ಹಂಪು. ಅದೇ ಸಂಸ್ಥೆ ಬಹಳ ಕಾಲದಿಂದ ಹೇಳುತ್ತ ಬಂದಿರುವ ಹಂಪಿನ ಅಗಲ (ಗಾಡಿ ಸಾಗುವ ದಿಕ್ಕಿನಲ್ಲಿ) 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್, 17 ಮೀಟರ್ ತ್ರಿಜ್ಯದ ಕಮಾನು. 25ರ ವೇಗದಲ್ಲಿ ದಾಟಿದರೆ ಸೊಂಟಕ್ಕೆ ತೊಂದರೆಯಿಲ್ಲ, ಹೆಚ್ಚಾದರೆ ತಾನೇ ಎತ್ತಿ ಹಾಕುತ್ತದೆ. ರಾತ್ರೋರಾತ್ರಿ ಸುರಿದ ಅರ್ಧ ಮೀಟರ್ ಅಗಲದ ಡಾಂಬರು ದಿಬ್ಬ ಇದರ ತದ್ವಿರುದ್ಧ: ನಿಧಾನಕ್ಕೆ ಹೋಗುವವರ ಬೆನ್ನು ಮುರಿಯುತ್ತದೆ, ವೇಗವಾಗಿ ಹೋಗುವ ದೊಡ್ಡ ಗಾಡಿಯ ಸಸ್ಪೆನ್ಶನ್ ಅದನ್ನು ನುಂಗಿಬಿಡುತ್ತದೆ. ಪರೀಕ್ಷಿಸಲು ಹಂಪಿನ ಆರಂಭದಿಂದ ಕೊನೆಗೆ ಟೇಪು ಹಿಡಿದರೆ ಸಾಕು, 3 ಮೀಟರ್ ಕೂಡ ಬರದಿದ್ದರೆ ಅಲ್ಲೇ ಫೋಟೋ ತೆಗೆಯಿರಿ. ಬಣ್ಣದ ಪಟ್ಟೆ, ಸುಮಾರು 40 ಮೀಟರ್ ಮೊದಲೇ ಎಚ್ಚರಿಕೆ ಫಲಕ ಇಲ್ಲದ ಹಂಪು ರಾತ್ರಿ ಬೈಕಿನವರಿಗೆ ಬಲೆ. ಮಳೆನೀರು ಹರಿದುಹೋಗಲು ಅಂಚಿನಲ್ಲಿ ಜಾಗ ಬಿಡಬೇಕು, ತೀರಾ ಬಿಟ್ಟರೆ ಸ್ಕೂಟರಿನವರೆಲ್ಲ ಅಲ್ಲೇ ನುಸುಳುತ್ತಾರೆ.

ಕ್ಯಾಮೆರಾದಿಂದ ವೇಗದ ದಂಡ ಬಂದರೆ ಕೇಂದ್ರ ಮೋಟಾರು ವಾಹನ ನಿಯಮ 167ಎ ನೋಡಿ. ಘಟನೆ ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು, ಉಪಕರಣಕ್ಕೆ ವರ್ಷವರ್ಷ ನವೀಕರಿಸಿದ ಪ್ರಮಾಣಪತ್ರ ಇರಬೇಕು, ಕ್ಯಾಮೆರಾ ಇದೆ ಅನ್ನುವ ಫಲಕ ಮೊದಲೇ ಕಾಣಬೇಕು.

ಒನ್‌ವೇ ಕೇಳುವವರು ಒಂದು ವಿಷಯ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಎದುರಿನಿಂದ ಯಾರೂ ಬರುವುದಿಲ್ಲವೆಂದು ಗೊತ್ತಾದ ಕೂಡಲೇ ವೇಗ ಏರುತ್ತದೆ. ಬಸ್ಸಿನವರಿಗೆ ಹೋಗುವ ನಿಲ್ದಾಣ ಒಂದು ರಸ್ತೆಯಲ್ಲಿ, ಬರುವ ನಿಲ್ದಾಣ ಇನ್ನೊಂದರಲ್ಲಿ. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ರಿಚ್ಮಂಡ್ ರಸ್ತೆ ದಾಟಲು ನಿಂತವರನ್ನು ಕೇಳಿದರೆ ಸಾಕು. ಒನ್‌ವೇ ಜೊತೆಗೇ ಎತ್ತರಿಸಿದ ದಾಟುದಾರಿ ಕೇಳದಿದ್ದರೆ ಗಾಡಿಗಳಿಗೆ ಮಾತ್ರ ಲಾಭ.

ಕೊನೆಗೆ, ಇರುವ ಬೋರ್ಡು ನಿಜವೋ ಸುಳ್ಳೋ ತಿಳಿಯುವ ದಾರಿ. ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿಯ ಪೋಸ್ಟಲ್ ಆರ್ಡರ್, ಪೊಲೀಸ್ ಆಯುಕ್ತರ ಅಥವಾ ಜಿಲ್ಲಾಧಿಕಾರಿ ಕಚೇರಿಯ ಮಾಹಿತಿ ಅಧಿಕಾರಿಗೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ‘ಯಾಕೆ ಕ್ರಮ ಕೈಗೊಂಡಿಲ್ಲ’ ಅನ್ನುವ ಪ್ರಶ್ನೆ ಹಾಕಿದರೆ ತಳ್ಳಿಹಾಕಲು ದಾರಿ ಮಾಡಿಕೊಟ್ಟಂತೆ. ‘ಇಂಥ ರಸ್ತೆಯ ಇಂಥ ಅಡ್ಡರಸ್ತೆಗಳ ನಡುವಿನ ನಿಲುಗಡೆ ನಿಷೇಧದ ಅಧಿಸೂಚನೆಯ ಸಂಖ್ಯೆ, ದಿನಾಂಕ ಮತ್ತು ದೃಢೀಕೃತ ಪ್ರತಿ ಕೊಡಿ’ ಅಂತಷ್ಟೇ ಕೇಳಿ. 30 ದಿನ ಕಾಯಿರಿ. ‘ಅಂಥ ಅಧಿಸೂಚನೆ ಕಚೇರಿಯಲ್ಲಿ ಲಭ್ಯವಿರುವುದಿಲ್ಲ’ ಅಂತ ಉತ್ತರ ಬಂದರೂ ಬೇಸರ ಬೇಡ. ಹೊಸ ಮನವಿ ಬರೆದು, ಅಳತೆಯ ಪಟ್ಟಿಯ ಮೇಲೆ ಅದೇ ಉತ್ತರವನ್ನು ಪಿನ್ ಮಾಡಿ ಕೊಡಿ.