ಏಟಿಗೆ ಏಟೇ ತಡೆಯಾಗುವ ಆಟ: ಅಸುಕಾ 120%

ಹೊಡೆದಾಟದ ವಿಡಿಯೋ ಗೇಮ್‌ಗಳೆಂದರೆ ಕಾಸರಗೋಡಿನಲ್ಲಿ ನನ್ನ ವಯಸ್ಸಿನವರಿಗೆ ಸ್ಟ್ರೀಟ್ ಫೈಟರ್ ಮತ್ತು ಟೆಕ್ಕೆನ್ ಎಂಬ ಎರಡು ಹೆಸರುಗಳೇ ಮೊದಲು ನೆನಪಾಗುತ್ತವೆ. ನನಗೆ ಅವೆರಡಕ್ಕಿಂತಲೂ ಪ್ರಿಯವಾದ ಆಟ ಮಾತ್ರ 1994ರಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ ಆ ದೇಶದ ಗಡಿಯನ್ನು ಎಂದೂ ದಾಟದೆ ಉಳಿದ 'ಅಸುಕಾ 120% ಬರ್ನಿಂಗ್ ಫೆಸ್ಟ್'. ಫಿಲ್-ಇನ್-ಕೆಫೆ ಎಂಬ ಸಣ್ಣ ತಂಡ ಇದನ್ನು ರೂಪಿಸಿತು, ಫ್ಯಾಮಿಲಿ ಸಾಫ್ಟ್ ಪ್ರಕಟಿಸಿತು.

ಇದರ ಕಥೆ ಸರಳವಾದದ್ದು. ಹುಡುಗಿಯರ ಖಾಸಗಿ ಶಾಲೆಯೊಂದರಲ್ಲಿ ಕ್ಲಬ್ಬುಗಳಿಗೆ ಹಂಚಬೇಕಾದ ಹಣ ಯಾರಿಗೆ ಸೇರಬೇಕೆಂಬುದನ್ನು ಕಾಳಗದ ಮೂಲಕ ತೀರ್ಮಾನಿಸುತ್ತಾರೆ. ರಸಾಯನಶಾಸ್ತ್ರ ಕ್ಲಬ್ಬಿನ ಅಸುಕಾ ಹೋಂಡಾ ಪ್ರಯೋಗಶಾಲೆಯ ರಾಸಾಯನಿಕಗಳನ್ನೇ ಆಯುಧವಾಗಿಸಿಕೊಳ್ಳುತ್ತಾಳೆ, ಟೆನ್ನಿಸ್ ಕ್ಲಬ್ಬಿನವಳು ರ‍್ಯಾಕೆಟ್ ಹಿಡಿದು ಬರುತ್ತಾಳೆ, ಕುಸ್ತಿ ಕ್ಲಬ್ಬಿನವಳು ಎದುರಾಳಿಯನ್ನು ಎತ್ತಿ ಒಗೆಯುತ್ತಾಳೆ. ವಿಜ್ಞಾನ ಕ್ಲಬ್ಬು, ವಿದ್ಯಾರಂಗ ಕಲಾ ಸಾಹಿತ್ಯ ವೇದಿಕೆ, ಕಲೋತ್ಸವದ ತಂಡಗಳು ಇವುಗಳ ನಡುವೆಯೇ ಬೆಳೆದ ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಈ ಜಗಳದ ಹಿನ್ನೆಲೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಈ ಆಟವನ್ನು ಇಷ್ಟೊಂದು ಮೆಚ್ಚುವುದಕ್ಕೆ ಕಾರಣ ಅದರ ಒಂದೇ ಒಂದು ನಿಯಮ. ಸಾಮಾನ್ಯವಾಗಿ ಇಂಥ ಆಟಗಳಲ್ಲಿ ಇಬ್ಬರೂ ಏಕಕಾಲಕ್ಕೆ ಹೊಡೆದರೆ ವೇಗವೋ ಉದ್ದವೋ ಹೆಚ್ಚಿರುವ ಏಟು ಗೆಲ್ಲುತ್ತದೆ, ಇಲ್ಲವೇ ಇಬ್ಬರಿಗೂ ಪೆಟ್ಟಾಗುತ್ತದೆ. ಆದ್ದರಿಂದ ಎಚ್ಚರಿಕೆಯ ಆಟಗಾರ ಹಿಂದೆ ಸರಿದು, ತಡೆಹಿಡಿದು, ಎದುರಾಳಿ ತಪ್ಪುವುದನ್ನು ಕಾಯುತ್ತಾನೆ. ಅಸುಕಾದಲ್ಲಿ ಎರಡು ಏಟುಗಳು ಪರಸ್ಪರ ಡಿಕ್ಕಿಯಾದರೆ ಎರಡೂ ರದ್ದಾಗುತ್ತವೆ, ಯಾರಿಗೂ ನೋವಾಗುವುದಿಲ್ಲ, ಮತ್ತು ಆ ಡಿಕ್ಕಿಯ ಕ್ಷಣದಿಂದಲೇ ಇಬ್ಬರೂ ಮುಂದಿನ ಏಟಿಗೆ ಕೈಯೆತ್ತಬಹುದು. ಹೀಗಾಗಿ ಹೊಡೆಯುವುದೇ ತಡೆಯುವ ದಾರಿಯೂ ಆಗುತ್ತದೆ. ಕುಂಬಳೆ ಸೀಮೆಯ ತೆಂಕುತಿಟ್ಟಿನ ಯಕ್ಷಗಾನ ಬಯಲಾಟದಲ್ಲಿ ಚೆಂಡೆಯ ಪೆಟ್ಟು ಏರುತ್ತಿರುವಾಗ ಒಂದು ವೇಷದ ಧೀಂಗಿಣಕ್ಕೆ, ಅಂದರೆ ಗಿರಕಿ ಹೊಡೆಯುವ ನೆಗೆತಕ್ಕೆ, ಎದುರು ವೇಷ ಧೀಂಗಿಣದಿಂದಲೇ ಉತ್ತರ ಕೊಡುತ್ತಾ ಯುದ್ಧದ ಕುಣಿತವನ್ನು ಬೆಳೆಸುವಂತೆ, ಇಲ್ಲಿಯೂ ಇಬ್ಬರು ಆಟಗಾರರು ಸೇರಿ ಒಂದು ಲಯವನ್ನು ಕಟ್ಟುತ್ತಾರೆ. ಹೊಸಬನೊಬ್ಬ ಅನುಭವಿಯ ಎದುರು ಕುಳಿತಾಗಲೂ ಅವನ ಏಟುಗಳಿಗೆ ಬೆಲೆಯಿರುತ್ತದೆ ಎಂಬುದು ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡ ಗುಣ.

ಹೆಸರಿನಲ್ಲಿರುವ 120 ಶಕ್ತಿಯ ಅಳತೆಗೆ ಸಂಬಂಧಿಸಿದ್ದು. ಆ ಅಳತೆ ತುಂಬಿದಾಗ ಅದು ನೂರಕ್ಕೆ ನಿಲ್ಲದೆ 120ಕ್ಕೆ ಜಿಗಿಯುತ್ತದೆ, ಮತ್ತು ಅದು ಇಳಿದು ಮುಗಿಯುವವರೆಗೆ ವಿಶೇಷ ದಾಳಿಗಳ ದಾರಿ ತೆರೆದಿರುತ್ತದೆ.

ಇಷ್ಟು ಚೆಲುವಾದ ಆಟ ಹೊರಗಿನವರ ಕಣ್ಣಿಗೆ ಬೀಳದಿರಲು ಅದರ ಹುಟ್ಟೇ ಮುಖ್ಯ ಕಾರಣವೆಂದು ನಾನು ನಂಬುತ್ತೇನೆ. ಆ ಕಾಲದ ಹೆಸರಾಂತ ಹೊಡೆದಾಟದ ಆಟಗಳು ನಾಣ್ಯ ಹಾಕಿ ಆಡುವ ಯಂತ್ರಗಳಿರುವ ಆರ್ಕೇಡ್‌ಗಳಿಂದ ಮನೆಗೆ ಬಂದವು. ಇದು ನೇರವಾಗಿ ಫುಜಿತ್ಸು ಕಂಪನಿಯ ಎಫ್‌ಎಂ ಟೌನ್ಸ್ ಎಂಬ ಗೃಹಬಳಕೆಯ ಕಂಪ್ಯೂಟರಿಗಾಗಿ ಸಿದ್ಧವಾಯಿತು. 1989ರಲ್ಲಿ ಸಿಡಿ ಡ್ರೈವಿನೊಂದಿಗೇ ಬಂದ ಆ ಯಂತ್ರ ಜಪಾನಿನ ಮಾರುಕಟ್ಟೆಯದೇ ಸೊತ್ತಾಗಿತ್ತು. ಅದರ ಸಾಮಾನ್ಯ ಪ್ಯಾಡಿನಲ್ಲಿ ದಾಳಿಗೆ ಎರಡೇ ಗುಂಡಿಗಳಿದ್ದವು. ಸ್ಟ್ರೀಟ್ ಫೈಟರ್ 2 ಆರು ಗುಂಡಿಗಳನ್ನು ಬೇಡುತ್ತಿದ್ದ ದಿನಗಳಲ್ಲಿ ಈ ಕೊರತೆಯೇ ಆಟವನ್ನು ಇಷ್ಟು ಹಗುರವಾಗಿಸಿತು ಎನ್ನುವುದು ನನ್ನ ಅನಿಸಿಕೆ. ಮುಂದೆ ಶಾರ್ಪ್ ಕಂಪನಿಯ ಎಕ್ಸ್68000, ಪಿಸಿ ಎಂಜಿನ್, ಪ್ಲೇಸ್ಟೇಷನ್, ಸೆಗಾ ಸ್ಯಾಟರ್ನ್ ಎಂಬ ಯಂತ್ರಗಳಿಗೂ ಬೇರೆ ಬೇರೆ ಆವೃತ್ತಿಗಳು ಬಂದವು, ಆದರೆ ಯಾವುದೂ ಪರದೇಶಕ್ಕೆ ಹೋಗಲಿಲ್ಲ. ಸ್ಯಾಟರ್ನ್ ಆವೃತ್ತಿ ಬಂದ 1997ರ ಹೊತ್ತಿಗೆ ಅಮೆರಿಕದಲ್ಲಿ ಆ ಯಂತ್ರದ ದಿನಗಳೇ ಮುಗಿಯುತ್ತಾ ಬಂದಿದ್ದವು.

ಆಡಿ ನೋಡಲು ಬಯಸುವವರು 'ಲಿಮಿಟೆಡ್' ಎಂಬ ಹೆಸರಿನ ಆ ಸ್ಯಾಟರ್ನ್ ಆವೃತ್ತಿಯಿಂದಲೇ ಆರಂಭಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ಜಪಾನೀ ಓದಲು ಬಾರದಿದ್ದರೂ ಕಾಳಗಕ್ಕೆ ಅಡ್ಡಿಯಿಲ್ಲ. ಕಂಪ್ಯೂಟರ್ ಎದುರಾಳಿಯೊಂದಿಗೆ ಹೆಚ್ಚು ಹೊತ್ತು ಕಳೆಯದೆ ಪಕ್ಕದಲ್ಲೊಬ್ಬ ಗೆಳೆಯನನ್ನು ಕೂರಿಸಿಕೊಂಡು, ವಿಶೇಷ ದಾಳಿಗಳನ್ನೆಲ್ಲ ಸದ್ಯಕ್ಕೆ ಬದಿಗಿಟ್ಟು, ಸಾಮಾನ್ಯ ಏಟುಗಳಿಂದ ಡಿಕ್ಕಿ ಸಾಧಿಸುವುದನ್ನು ಮೊದಲು ರೂಢಿಸಿಕೊಳ್ಳಿ.