ಹಿಂದಿನ ಬ್ರೇಕ್ ಬಿಸಿಯಾದರೆ ಮೊದಲು ನಿಪ್ಪಲ್, ಆಮೇಲೆ ಪ್ಯಾಡ್

ಹಿಂದಿನ ಬ್ರೇಕ್ ಹಿಡಿದುಕೊಳ್ಳುತ್ತಿದೆ ಎಂದು ಬರುವ ಟೂರಿಂಗ್ ಬೈಕುಗಳಿಗೆ ಎಷ್ಟೋ ಸಲ ಆಗಲೇ ಹೊಸ ಪ್ಯಾಡ್ ಹಾಕಿಸಿರುತ್ತಾರೆ. ಪ್ಯಾಡ್‌ನಿಂದ ಈ ತೊಂದರೆ ಹುಟ್ಟುವುದು ಅಪರೂಪ. ಪ್ಯಾಡ್ ಸುಟ್ಟಿರುವುದು ತೊಂದರೆಯ ಫಲ. ಹೊಸ ಪ್ಯಾಡ್‌ನಿಂದ ಕೆಲವೊಮ್ಮೆ ಇನ್ನೂ ಕೆಡುತ್ತದೆ. ಹಳೇ ಪ್ಯಾಡ್ ಸವೆದಿದ್ದಾಗ ಡಬ್ಬಿಗೆ ಬ್ರೇಕ್ ಆಯಿಲ್ ಟಾಪ್ ಅಪ್ ಮಾಡಿರುತ್ತಾರೆ, ದಪ್ಪ ಪ್ಯಾಡ್ ಹಾಕಲು ಪಿಸ್ಟನ್ ಒಳಗೆ ತಳ್ಳಿದಾಗ ಅದೆಲ್ಲ ವಾಪಸ್ ಬಂದು ಡಬ್ಬಿ ಕಂಠಪೂರ್ತಿ ತುಂಬುತ್ತದೆ. ಬಿಸಿಗೆ ಹಿಗ್ಗಲು ಜಾಗವೇ ಇರುವುದಿಲ್ಲ.

ಪೆಡಲ್ ಬಿಟ್ಟ ಕೂಡಲೇ ಎರಡು ಕೆಲಸ ಆಗಬೇಕು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಚೌಕ ಸೀಲ್ ತಿರುಚಿದ್ದು ಸಡಿಲವಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯಬೇಕು; ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಸಣ್ಣ ರಿಟರ್ನ್ ತೂತು ತೆರೆದುಕೊಂಡು ಆಯಿಲ್ ಡಬ್ಬಿಗೆ ಮರಳಬೇಕು. ತೂತು ಮುಚ್ಚಿದ್ದರೆ ಆಯಿಲ್ ಲೈನಿನಲ್ಲೇ ಸಿಕ್ಕಿಕೊಳ್ಳುತ್ತದೆ. ಡಿಸ್ಕ್ ಬಿಸಿಯಾದಂತೆ ಆಯಿಲ್ ಹಿಗ್ಗಿ ಪ್ಯಾಡನ್ನು ಇನ್ನಷ್ಟು ಒತ್ತುತ್ತದೆ, ಒತ್ತಿದಷ್ಟೂ ಬಿಸಿ. ಗ್ಯಾರೇಜಿಗೆ ಬರುವಾಗ ಬೈಕ್ ತಣ್ಣಗಿದ್ದರೆ ಚಕ್ರ ಸಲೀಸಾಗಿ ತಿರುಗಿ ನಮ್ಮನ್ನೇ ಯಾಮಾರಿಸುತ್ತದೆ. ತಣ್ಣಗಿದ್ದಾಗಲೂ ಬಿಗಿಯಾಗಿದ್ದರೆ ಕ್ಯಾಲಿಪರ್‌ನ ಪಿಸ್ಟನ್ ಅಥವಾ ಸ್ಲೈಡ್ ಪಿನ್ (ಕ್ಯಾಲಿಪರ್ ಜಾರುವ ಪಿನ್) ಮೇಲೆ ಅನುಮಾನ ಪಡಿ.

ಹಾಗಾಗಿ ಪರೀಕ್ಷೆ ಬಿಸಿಯಲ್ಲೇ ಆಗಬೇಕು. ಹಿಂದಿನ ಬ್ರೇಕ್ ಮುಟ್ಟದೆ 15 ಕಿ.ಮೀ. ಓಡಿಸಿ, ಮುಂದಿನ ಬ್ರೇಕಿನಲ್ಲೇ ನಿಲ್ಲಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸಿ ನೋಡಿ. ಇನ್‌ಫ್ರಾರೆಡ್ ಗನ್ ಇದ್ದರೆ ಹೊಳೆಯುವ ಡಿಸ್ಕಿಗೆ ಹಿಡಿಯಬೇಡಿ, ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಕಪ್ಪು ಕ್ಯಾಲಿಪರ್ ಮೈಗೆ ಹಿಡಿಯಿರಿ. ಪ್ಯಾಡ್ ಲಘುವಾಗಿ ಸವರುವ ಸದ್ದು ಇದ್ದೇ ಇರುತ್ತದೆ. ಶಾಫ್ಟ್ ಡ್ರೈವ್ ಬೈಕಿನಲ್ಲಿ ಗೇರ್ ಆಯಿಲಿನ ಎಳೆತವೂ ಸೇರುತ್ತದೆ, ಅದನ್ನು ಬ್ರೇಕ್ ಎಂದುಕೊಳ್ಳಬೇಡಿ.

ಚಕ್ರ ಬಿಗಿ ಇದೆಯೇ? ಏನನ್ನೂ ಬಿಚ್ಚುವ ಮೊದಲು ಕ್ಯಾಲಿಪರ್‌ನಿಂದ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್‌ಗೆ ಪೈಪ್ ಹಾಕಿ, ತುದಿ ಬಾಟಲಿಗೆ ಬಿಟ್ಟು, ರಿಂಗ್ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಡಿಲಿಸಿ. ಕನ್ನಡಕ ಇರಲಿ, ಆಯಿಲ್ ಕುದಿಯುವಷ್ಟು ಬಿಸಿ ಇರಬಹುದು. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಕ್ಯಾಲಿಪರ್ ನಿರಪರಾಧಿ, ಒತ್ತಡ ಮೇಲೆಲ್ಲೋ ಸಿಕ್ಕಿಕೊಂಡಿದೆ. ಬರೀ ತೊಟ್ಟಿಕ್ಕಿ ಚಕ್ರ ಬಿಗಿಯಾಗೇ ಉಳಿದರೆ ಕ್ಯಾಲಿಪರ್ ಬಿಚ್ಚಿ.

ಒತ್ತಡ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಲು ಮತ್ತೆ ಹಿಡಿದುಕೊಳ್ಳುವವರೆಗೆ ಓಡಿಸಿ, ಈ ಸಲ ಮಾಸ್ಟರ್ ಸಿಲಿಂಡರ್ ಕಡೆ ಹೋಸ್ ಕೂಡಿಸುವ ಬ್ಯಾಂಜೊ ಬೋಲ್ಟ್ ಸಡಿಲಿಸಿ. ಅಲ್ಲೇ ಬಿಟ್ಟುಕೊಂಡರೆ ತೊಂದರೆ ಮಾಸ್ಟರ್ ಸಿಲಿಂಡರ್ ಅಥವಾ ಪೆಡಲ್‌ನಲ್ಲಿ. ಅಲ್ಲಿ ಬಿಟ್ಟುಕೊಳ್ಳದೆ ನಿಪ್ಪಲ್‌ನಲ್ಲಿ ಮಾತ್ರ ಬಿಟ್ಟುಕೊಂಡರೆ ಹೋಸ್ ಒಳಪದರ ಊದಿ ಒಂದೇ ದಿಕ್ಕಿನ ವಾಲ್ವ್‌ನಂತಾಗಿದೆ. ಎಬಿಎಸ್ ಇದ್ದರೆ ಅದರ ಒತ್ತಡ ನಿಯಂತ್ರಿಸುವ ಮಾಡ್ಯುಲೇಟರ್‌ನ ಹಿಂದೆ ಮುಂದೆ ಒಂದೊಂದೇ ಜಾಯಿಂಟ್ ಹೀಗೇ ನೋಡುತ್ತಾ ಬನ್ನಿ. ಬಿಚ್ಚಿದ ಬ್ಯಾಂಜೊಗೆ ಹೊಸ ವಾಷರ್, ಕೊನೆಗೆ ಬ್ಲೀಡಿಂಗ್ (ಲೈನಿನ ಗಾಳಿ ತೆಗೆಯುವುದು).

ಮಾಸ್ಟರ್ ಸಿಲಿಂಡರ್ ಎಂದು ಗೊತ್ತಾದರೂ ರಿಪೇರಿ ಕಿಟ್ ತರಿಸುವ ಅವಸರ ಬೇಡ. ಡಬ್ಬಿಯ ಮುಚ್ಚಳ ತೆಗೆದು ಪೆಡಲನ್ನು ಕೈಯಿಂದ ಬಹಳ ಮೆಲ್ಲಗೆ ಒತ್ತಿ. ಒತ್ತುವ ಮೊದಲ ಕ್ಷಣದಲ್ಲೇ ಆಯಿಲ್ ಮೇಲ್ಮೈಯಲ್ಲಿ ಸಣ್ಣ ಚಿಲುಮೆ ಅಥವಾ ಅಲುಗಾಟ ಕಾಣಬೇಕು. ಕಾಣದಿದ್ದರೆ ರಿಟರ್ನ್ ತೂತು ಮುಚ್ಚಿದೆ. ಅದಕ್ಕೆ ನಾನು ಹೆಚ್ಚಾಗಿ ಕಂಡ ಕಾರಣ ಕೊಳೆಯಲ್ಲ, ಪೆಡಲ್‌ನಿಂದ ಪಿಸ್ಟನ್ ತಳ್ಳುವ ಪುಶ್ ರಾಡ್: ಬೂಟಿಗೆ ಹೊಂದಲೆಂದು ಪೆಡಲ್ ಎತ್ತರ ಬದಲಿಸುವಾಗ ರಾಡ್ ಉದ್ದವಾಗಿ ಫ್ರೀ ಪ್ಲೇ (ಪೆಡಲಿನ ಖಾಲಿ ಅಲುಗಾಟ) ಸೊನ್ನೆಯಾಗಿರುತ್ತದೆ, ಪಿಸ್ಟನ್ ಪೂರ್ತಿ ಹಿಂದೆ ಬರುವುದೇ ಇಲ್ಲ. ಲಾಕ್ ನಟ್ ಸಡಿಲಿಸಿ ಮ್ಯಾನ್ಯುಯಲ್‌ನ ಅಳತೆಗೆ ತನ್ನಿ. ಪೆಡಲ್ ಪಿವಟ್ ಒಣಗಿದ್ದರೂ, ರಿಟರ್ನ್ ಸ್ಪ್ರಿಂಗ್ ಸೋತಿದ್ದರೂ ಇದೇ ಲಕ್ಷಣ. ಸವಾರನ ಪಾದ ಪೆಡಲ್ ಮೇಲೇ ಕೂತಿರುತ್ತದೆಯೇ ಎಂಬುದನ್ನು ಅವರನ್ನು ಕೇಳಿ ಪ್ರಯೋಜನವಿಲ್ಲ, ಹಿಂದಿನಿಂದ ಹೋಗಿ ಬ್ರೇಕ್ ಲೈಟ್ ನೋಡಿ.

ಕೊಳೆಯೇ ಆಗಿದ್ದರೆ ತಾಮ್ರದ ವೈರಿನ ಒಂದು ಎಳೆಯಿಂದ ತೂತು ಬಿಡಿಸಿ. ಡ್ರಿಲ್ ಬಿಟ್ ಮುಟ್ಟಲೇಬೇಡಿ, ಅಂಚು ಸಿಗಿದರೆ ಸೀಲ್ ಹರಿಯುತ್ತದೆ. ಮುಚ್ಚಳದ ರಬ್ಬರ್ ಊದಿ ತನ್ನ ಜಾಗಕ್ಕೆ ಕೂರುತ್ತಿಲ್ಲವೇ? ಯಾರೋ ಎಂಜಿನ್ ಆಯಿಲೋ ಮತ್ತೊಂದೋ ಸುರಿದಿದ್ದಾರೆ. ಆಗ ಸೀಲ್, ಹೋಸ್, ರಬ್ಬರ್ ಇರುವುದೆಲ್ಲ ಬದಲಾಗಬೇಕು, ಅರ್ಧ ಕೆಲಸ ನಡೆಯುವುದಿಲ್ಲ.

ಕ್ಯಾಲಿಪರ್‌ನಲ್ಲಿ ಜನ ಬಿಡುವುದು ಸೀಲ್ ಕೂರುವ ತೋಡನ್ನು. ಅಲ್ಯೂಮಿನಿಯಂ ತುಕ್ಕು ಸೀಲಿನ ಹಿಂದೆ ಬಿಳಿ ಪುಡಿಯಾಗಿ ಕಟ್ಟಿ ಸೀಲನ್ನು ಪಿಸ್ಟನ್‌ಗೆ ಒತ್ತುತ್ತದೆ. ಅದನ್ನು ಕೆರೆಯದೆ ಹೊಸ ಸೀಲ್ ಹಾಕಿದರೆ ಬೈಕ್ ಮತ್ತೆ ವಾಪಸ್. ಪಿಸ್ಟನ್‌ಗೆ ಬ್ರೇಕ್ ಆಯಿಲ್ ಸವರಿ ಕೂರಿಸಿ. ಸ್ಲೈಡ್ ಪಿನ್‌ಗೆ ಬ್ರೇಕಿನ ಸಿಲಿಕೋನ್ ಗ್ರೀಸ್ ಮಾತ್ರ.

ಲಿಂಕ್ಡ್ ಬ್ರೇಕ್ (ಒಂದನ್ನು ಒತ್ತಿದರೆ ಎರಡೂ ಚಕ್ರ ಹಿಡಿಯುವ ಬ್ರೇಕ್) ಇರುವ ಕೆಲವು ದೊಡ್ಡ ಟೂರರ್‌ಗಳಲ್ಲಿ ಹಿಂದಿನ ಚಕ್ರ ಹಿಡಿಯಲು ಕಾರಣ ಮುಂದೆ ಇರುತ್ತದೆ: ಎಡ ಕ್ಯಾಲಿಪರ್‌ಗೆ ಕೂಡಿಸಿದ ಸೆಕೆಂಡರಿ ಮಾಸ್ಟರ್ ಸಿಲಿಂಡರ್. 2011ರಲ್ಲಿ ಹೋಂಡಾ ಗೋಲ್ಡ್ ವಿಂಗ್ ಜಿಎಲ್1800 ಬೈಕುಗಳನ್ನು ರಿಕಾಲ್ ಮಾಡಿದ್ದು ಈ ಭಾಗಕ್ಕೇ. ಹಿಂದಿನ ಚಕ್ರ ಎತ್ತಿ, ಒಬ್ಬರು ತಿರುಗಿಸುತ್ತಿರಲಿ, ಇನ್ನೊಬ್ಬರು ಮುಂದಿನ ಎಡ ಕ್ಯಾಲಿಪರನ್ನು ಮುಂದಿನ ಚಕ್ರ ತಿರುಗುವ ದಿಕ್ಕಿಗೆ ಬಲವಾಗಿ ತಳ್ಳಲಿ. ಹಿಂದಿನ ಚಕ್ರ ನಿಲ್ಲಬೇಕು, ಕೈ ಬಿಟ್ಟ ಕೂಡಲೇ ಬಿಡಬೇಕು. ನಿಧಾನವಾಗಿ ಬಿಟ್ಟರೆ ಅಲ್ಲೇ ಹುಡುಕಿ.

ಒಮ್ಮೆ ಬೆಂದ ಆಯಿಲ್ ಇಟ್ಟುಕೊಳ್ಳಬೇಡಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ನ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ, ನೀರು ಹೀರಿದ ಮೇಲೆ 155ಕ್ಕೆ ಇಳಿಯಬಹುದು. ಕುದ್ದರೆ ಪೆಡಲ್ ನೇರ ಕೆಳಗೆ ಹೋಗುತ್ತದೆ. ಸಿಲಿಕೋನ್‌ನ ಡಾಟ್ 5 ಇದಕ್ಕೆ ಬೆರೆಸುವಂತಿಲ್ಲ. ಗಾಜಿನಂತೆ ಹೊಳೆಯುವ ಪ್ಯಾಡ್ ಈಗ ಬದಲಿಸಿ. ಡಿಸ್ಕ್ ನೀಲಿಗಟ್ಟಿದ್ದರೆ ಡಯಲ್ ಗೇಜಿನಲ್ಲಿ ಓರೆ ನೋಡಿ, ದಪ್ಪವನ್ನು ಅದರ ಮೇಲೇ ಕೊರೆದಿರುವ ಕನಿಷ್ಠ ಅಳತೆಗೆ ಹೋಲಿಸಿ. ಬೈಕ್ ಕೊಡುವ ಮೊದಲು ಅದೇ 15 ಕಿ.ಮೀ. ಪರೀಕ್ಷೆ ಇನ್ನೊಮ್ಮೆ, ಕೊನೆಯ ಒಂದೆರಡು ಕಿ.ಮೀ.ನಲ್ಲಿ ಹಿಂದಿನ ಬ್ರೇಕನ್ನು ನಾಲ್ಕಾರು ಸಲ ಗಟ್ಟಿಯಾಗಿ ಒತ್ತಿ ಬಿಟ್ಟು.