ಬಿರುಕಿನ ದಿಕ್ಕು: ಮಲೆನಾಡಿನ ಹವೆಯಲ್ಲಿ ಅರಗಿನ ಪಾಲಿಶ್‌ನ ಗಿಟಾರ್

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ನನ್ನಲ್ಲಿಗೆ ರಿಪೇರಿಗೆ ಬರುವ ಕೈಕೆಲಸದ ಗಿಟಾರ್‌ಗಳಲ್ಲಿ ಪಾಲಿಶ್ ಬಿರುಕು ಬಿಟ್ಟಿದ್ದರೆ, ತಂದವರು ಬಹುಮಟ್ಟಿಗೆ ಬಿಸಿಲನ್ನೇ ದೂರುತ್ತಾರೆ. ಬಿಸಿಲಿನ ಪಾಲು ಇಲ್ಲವೆಂದಲ್ಲ. ಆದರೆ ಕಾರಣ ತಿಳಿಯಬೇಕಾದರೆ ಮೊದಲು ನೋಡಬೇಕಾದದ್ದು ಬಿರುಕು ಮರದ ಎಳೆಯ ಉದ್ದಕ್ಕೆ ಓಡಿದೆಯೋ, ಎಳೆಗೆ ಅಡ್ಡಲಾಗಿ ಓಡಿದೆಯೋ ಎಂಬುದನ್ನು.

ಅರಗು ಒಂದು ಪುಟ್ಟ ಕೀಟ ಮುತ್ತುಗ, ಬಾರೆ, ಕುಸುಮದಂಥ ಮರಗಳ ಕೊಂಬೆಗಳ ಮೇಲೆ ಸ್ರವಿಸುವ ರಾಳ. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಬೆಳೆಯುವುದು ಜಾರ್ಖಂಡ್ ಕಡೆಯಲ್ಲಿ. ಶುದ್ಧಿ ಮಾಡಿದ ಅದರ ಚಕ್ಕೆಗಳನ್ನು ಲೀಟರ್ ಸ್ಪಿರಿಟ್‌ಗೆ 120ರಿಂದ 240 ಗ್ರಾಮ್‌ನಂತೆ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರದ ಮೇಲೆ ಪದರವಾಗಿ ಉಜ್ಜುವ ಕೆಲಸಕ್ಕೆ ಫ್ರೆಂಚ್ ಪಾಲಿಶ್ ಎನ್ನುತ್ತಾರೆ. ಕ್ಲಾಸಿಕಲ್ ಗಿಟಾರ್ ಮಾಡುವವರು ಇಂದಿಗೂ ಇದನ್ನು ಬಿಡದಿರುವುದಕ್ಕೆ ಕಾರಣವಿದೆ: ಲೇಪ ಬಹಳ ತೆಳುವಾಗಿರುವುದರಿಂದ ಮುಖದ ಹಲಗೆಯ ಕಂಪನವನ್ನು ಅದು ಅಷ್ಟಾಗಿ ತಡೆಯುವುದಿಲ್ಲ. ಹಿಂಬದಿಗೂ ಪಕ್ಕಗಳಿಗೂ ಲೋಕದ ಎಷ್ಟೋ ಗಿಟಾರ್ ತಯಾರಕರು ನಮ್ಮ ಕಾಡುಗಳ ಬೀಟೆಯನ್ನು ಬಯಸುತ್ತಾರೆ. ಆ ಕಪ್ಪು ನೇರಳೆ ಎಳೆಯ ಮೇಲೆ ಅರಗು ತರುವ ಆಳವಾದ ಹೊಳಪನ್ನು ಬೇರೆ ಯಾವ ಪಾಲಿಶ್‌ನಲ್ಲೂ ನಾನು ಕಂಡಿಲ್ಲ.

ಮರವೂ ಅರಗೂ ಒಂದೇ ಲೆಕ್ಕದಲ್ಲಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಉಷ್ಣತೆ ಏರಿಳಿದಾಗ ಮರ ಎಳೆಯ ಉದ್ದಕ್ಕೆ ಬಹುತೇಕ ಕದಲದೆ, ಅಡ್ಡಕ್ಕೆ ಮಾತ್ರ ತುಸು ಕದಲುತ್ತದೆ. ಅರಗಿನ ಪದರವಾದರೋ ಎಲ್ಲ ದಿಕ್ಕಿಗೂ ಮರಕ್ಕಿಂತ ಹೆಚ್ಚಾಗಿ ಕುಗ್ಗುತ್ತದೆ. ಆದ್ದರಿಂದ ವಾದ್ಯ ಥಟ್ಟನೆ ತಣ್ಣಗಾದಾಗ ಎಳೆತ ಹೆಚ್ಚಾಗುವುದು ಎಳೆಯ ಉದ್ದಕ್ಕೆ, ಪದರ ಹರಿಯುವುದು ಎಳೆಗೆ ಅಡ್ಡಲಾಗಿ. ಎಳೆಗೆ ಅಡ್ಡವಾದ ಕೂದಲೆಳೆಯ ಗೆರೆಗಳು ಕಂಡರೆ ನಾನು ಮೊದಲು ಕೇಳುವುದು ಗಿಟಾರ್ ಎಲ್ಲಿಂದ ಎಲ್ಲಿಗೆ, ಹೇಗೆ ಪ್ರಯಾಣ ಮಾಡಿತು ಎಂದೇ. ಬೆಂಗಳೂರಿನಿಂದ ರಾತ್ರಿಯಿಡೀ ಎಸಿ ಬಸ್ಸಿನಲ್ಲಿ ತಣಿದು ಬಂದ ವಾದ್ಯವನ್ನು ಮನೆಗೆ ಬಂದವರೇ ಪೆಟ್ಟಿಗೆಯಿಂದ ತೆಗೆದು ಬೆಚ್ಚಗಿನ ಜಗಲಿಯಲ್ಲಿ ಇಟ್ಟರೆ, ಹೊರಗಿನ ಪದರ ಒಮ್ಮೆಲೇ ಕಾಯುತ್ತದೆ, ಒಳಗಿನ ಮರ ಇನ್ನೂ ತಣ್ಣಗೇ ಇರುತ್ತದೆ; ಥಟ್ಟನೆ ತಣಿದಾಗಿನಂತೆ ಈ ಏರುಪೇರಿನಲ್ಲೂ ಪದರ ಬಿರಿಯಬಹುದು. ಪೆಟ್ಟಿಗೆಯನ್ನು ಮುಚ್ಚಿಯೇ ಕೆಲವು ಗಂಟೆ ಹಾಗೆ ಬಿಟ್ಟರೆ ಈ ಕಷ್ಟ ಬಹುಪಾಲು ತಪ್ಪುತ್ತದೆ.

ಎಳೆಯ ಉದ್ದಕ್ಕೆ ಓಡಿದ ಬಿರುಕಿನ ಕಥೆ ಬೇರೆ, ಮಲೆನಾಡಿನಲ್ಲಿ ಹೆಚ್ಚು ಕಾಣುವುದೂ ಅದೇ. ಮರವನ್ನು ಉಷ್ಣತೆಗಿಂತ ಎಷ್ಟೋ ಪಾಲು ಹೆಚ್ಚಾಗಿ ಕದಲಿಸುವುದು ಗಾಳಿಯ ತೇವ. ಗಿಟಾರ್‌ಗೆ ಹಿತವಾದದ್ದು ಶೇಕಡಾ 45ರಿಂದ 55ರ ಆರ್ದ್ರತೆ. ಆರಿದ್ರಾ, ಪುನರ್ವಸು ಮಳೆಗಳು ಹಿಡಿದು ಕೂತ ದಿನಗಳಲ್ಲಿ ಇಲ್ಲಿಯ ಗಾಳಿ 90ನ್ನೂ ದಾಟುತ್ತದೆ. ಆಗ ಮರ ತೇವ ಕುಡಿದು ಅಡ್ಡಕ್ಕೆ ಉಬ್ಬುತ್ತದೆ, ಅದರೊಡನೆ ಹಿಗ್ಗಲಾರದ ಲೇಪ ಎಳೆಯ ಗುಂಟ ಸೀಳುತ್ತದೆ. ಅದೇ ಮರ ಮಾರ್ಚ್‌ನ ಒಣ ಮಧ್ಯಾಹ್ನಗಳಲ್ಲಿ ಕುಗ್ಗುವಾಗ ಲೇಪಕ್ಕಷ್ಟೇ ಅಲ್ಲ, ಹಲಗೆಗೇ ಸೀಳು ಬರಬಹುದು. ಬೆರಳ ಉಗುರನ್ನು ಅಡ್ಡಲಾಗಿ ಎಳೆದು ನೋಡಿ, ಒಳಗಿನಿಂದ ಪುಟ್ಟ ಕನ್ನಡಿ, ಬೆಳಕು ಹಿಡಿದು ನೋಡಿ, ಬಿರುಕು ಪಾಲಿಶ್‌ನದೋ ಮರದ್ದೋ ಎಂದು ತೀರ್ಮಾನಿಸದೆ ಯಾವ ಕೆಲಸಕ್ಕೂ ಕೈ ಹಾಕಬಾರದು.

ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆಂದು ಗಿಟಾರನ್ನು ಬಚ್ಚಲ ಒಲೆಯ ಹತ್ತಿರವೋ, ಅಡಿಕೆ ಒಣಗಿಸುವ ಬೆಂಕಿಯ ಮೇಲಿನ ಅಟ್ಟದಲ್ಲೋ ಇಡುವವರಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ದಯವಿಟ್ಟು ಹಾಗೆ ಮಾಡಬೇಡಿ. ಅರಗು ಪೂರ್ತಿ ಕರಗಲು 75 ಡಿಗ್ರಿಯ ಆಸುಪಾಸಿನ ಶಾಖ ಬೇಕಾದರೂ ಅದಕ್ಕಿಂತ ಎಷ್ಟೋ ಮೊದಲೇ ಅದು ಮೆತ್ತಗಾಗಿ ಪೆಟ್ಟಿಗೆಯ ಒಳಬಟ್ಟೆಯ ಅಚ್ಚನ್ನು ಮೈಮೇಲೆ ಹೊಡೆಸಿಕೊಳ್ಳುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಇದೇ ಅಪಾಯ. ಮನೆಯ ನಡುಮನೆಯಲ್ಲಿ, ಹೊರಗೋಡೆಗೆ ತಾಗದಂತೆ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಪೆಟ್ಟಿಗೆಯಲ್ಲಿ ಇಡುವುದೇ ಲೇಸು. ಗಾಳಿಯ ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಜೊತೆಗಿದ್ದರೆ ಊಹೆಯ ಕೆಲಸ ತಪ್ಪುತ್ತದೆ.

ಮಾಡುವವರ ಕೈಯಲ್ಲಿರುವುದು ಮುಖ್ಯವಾಗಿ ಲೇಪದ ದಪ್ಪ. ಕನ್ನಡಿಯಂಥ ಹೊಳಪಿನ ಆಸೆಗೆ ದಪ್ಪವಾಗಿ ಏರಿಸಿದ ಅರಗು ಬೇಗ ಬಿರಿಯುತ್ತದೆ; ತೆಳುವಾದದ್ದು ಮರದೊಡನೆ ಹೊಂದಿಕೊಂಡು ಹೋಗುತ್ತದೆ. ಕರಗಿಸಿ ಬಹುಕಾಲ ಇಟ್ಟ ದ್ರಾವಣವನ್ನೂ ಬಳಸಬಾರದು, ಏಕೆಂದರೆ ಅರಗಿನ ಆಮ್ಲಗಳು ಸ್ಪಿರಿಟ್‌ನೊಡನೆ ನಿಧಾನವಾಗಿ ಬೆರೆತು ಬದಲಾಗುವುದರಿಂದ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಗಾಜಿನ ಮೇಲೆ ಒಂದು ಹನಿ ಬಿಟ್ಟು ಮರುದಿನ ಉಗುರಿನಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ.

ಪಾಲಿಶ್ ಮಾತ್ರ ಬಿರಿದಿದ್ದರೆ ಅರಗಿನಷ್ಟು ಉಪಕಾರಿ ಬೇರೊಂದಿಲ್ಲ. ಹೊಸ ಪದರದ ಸ್ಪಿರಿಟ್ ಹಳೆಯದನ್ನು ಕರಗಿಸಿಕೊಂಡು ಎರಡೂ ಒಂದಾಗುತ್ತವೆ, ಕೆರೆದು ತೆಗೆಯುವ ಪ್ರಮೇಯವೇ ಹೆಚ್ಚಿನ ಸಲ ಬರುವುದಿಲ್ಲ. ಆದರೆ ಈ ಕೆಲಸ ಮಳೆಗಾಲದಲ್ಲಿ ಬೇಡ: ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರಲ್ಲಿ ಸಿಕ್ಕಿಕೊಂಡು ಬೆಳ್ಳಗೆ ಮಬ್ಬಾಗುತ್ತದೆ. ನವರಾತ್ರಿ ಕಳೆದು ಗಾಳಿ ಒಣಗಿದ ಮೇಲೆ, ತೆಳು ದ್ರಾವಣದಿಂದ, ಪದರಗಳ ನಡುವೆ ಸಾಕಷ್ಟು ಬಿಡುವು ಕೊಟ್ಟು ಮಾಡಿ. ಮರವೇ ಸೀಳಿದ್ದರೆ ಮಾತ್ರ ಪಾಲಿಶ್‌ಗೆ ಮೊದಲು ವಾದ್ಯವನ್ನು ಹದವಾದ ತೇವದಲ್ಲಿಟ್ಟು, ಸೀಳು ತಾನಾಗಿ ಕೂಡಿಕೊಂಡ ಮೇಲೆ ಅಂಟು ಹಾಕಿ, ಒಳಗಿನಿಂದ ತೆಳುವಾದ ಮರದ ತುಣುಕುಗಳನ್ನು ಎಳೆಗೆ ಅಡ್ಡಲಾಗಿ ಕೂರಿಸಬೇಕು.